ತಮ್ಮಲೆಯವರ ಬಿಸಿ ಗಂಜಿ

ಮೊನ್ನೆ ತಂಗಿಯ ಮೊಮ್ಮಗಳ ಮನೆಯಲ್ಲಿ ಉಳಿದುಕೊಂಡಿದ್ದೆ. ಬೆಳಿಗ್ಗೆ ಕಣ್ಣು ಪೂರ್ತಿ ಬಿಡುವ ಮೊದಲೇ ಕುಚ್ಚಲಕ್ಕಿ ಬೇಯುವ ವಾಸನೆ ಬಂತು. ಆ ವಾಸನೆಗೆ ಒಂದು ಗುಣವಿದೆ. ಅದು ಮೂಗಿನಿಂದ ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ, ಮೊದಲು ತಲೆಯೊಳಗೆ ಒಂದು ಸುತ್ತು ಹಾಕುತ್ತದೆ. ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲ ತನಕ ಹೋದೆ. ಹುಡುಗಿ ಪಾತ್ರೆಯ ಮುಚ್ಚಳ ತೆಗೆದಳು. ಆವಿ ಎದ್ದು ಅವಳ ಮುಖ ಮುಚ್ಚಿಹೋಯಿತು. ಆವಿಯ ಆಚೆ ನಿಂತಿರುವುದು ಯಾರು, ಇದು ಯಾವ ಮನೆ, ನನಗೀಗ ವಯಸ್ಸೆಷ್ಟು ಎಂಬುದೊಂದೂ ಒಂದು ಗಳಿಗೆ ತಿಳಿಯಲಿಲ್ಲ.

"ಕೂತ್ಕೊಳ್ಳಿ ಅಜ್ಜಿ, ಬಡಿಸ್ತೇನೆ," ಎಂದಳು.

"ಸ್ವಲ್ಪ ಆರಲಿ ಮಗಾ."

"ಎಂತ ಅಜ್ಜಿ ನೀವು! ಗಂಜಿ ಬಿಸಿ ಇರುವಾಗಲೇ ರುಚಿ ಅಲ್ವಾ?"

ಬಿಸಿ ಇರುವಾಗಲೇ ರುಚಿ, ನಿಜ. ಅದನ್ನು ನಾನು ಇಲ್ಲವೆನ್ನುವವಳಲ್ಲ. ಆದರೆ ಬಟ್ಟಲಿನ ಮುಂದೆ ಕೈಕಟ್ಟಿ ಕೂತು ಆವಿ ಇಳಿಯುವುದನ್ನು ನೋಡುತ್ತಿದ್ದಂತೆ ನಾನು ಅಲ್ಲಿಂದ ಎದ್ದು ಹೋಗಿಬಿಟ್ಟಿದ್ದೆ. ಜೆಪ್ಪುವಿನ ನಮ್ಮ ಹಳೆಯ ಮನೆಯ ಚಾವಡಿಯಲ್ಲಿ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಒಂದು ಮಾಗಿಕಾಲದಲ್ಲಿ ನಿಂತಿದ್ದೆ.

ಮಂಗಳೂರಿಗೆ ಚಳಿಗಾಲ ಉಂಟೇ ಎಂದು ಘಟ್ಟದ ಮೇಲಿನವರು ನಗುತ್ತಾರೆ. ಕಂಬಳಿ ಹೊದೆಯುವಷ್ಟು ಇಲ್ಲ, ಒಪ್ಪಿಕೊಂಡೆ. ಆದರೆ ಆ ದಿನಗಳಲ್ಲಿ ಮುಂಜಾವಕ್ಕೆ ನೇತ್ರಾವತಿಯ ಮೇಲೆ ಮಂಜು ಏಳುತ್ತಿತ್ತು. ಹೊಳೆಯ ಬದಿಯ ಹಂಚಿನ ಕಾರ್ಖಾನೆಗಳ ಹೊಗೆ ಮೇಲೆ ಹೋಗಲಾರದೆ ಆ ಮಂಜಿನಲ್ಲೇ ಬೆರೆತುಕೊಳ್ಳುತ್ತಿತ್ತು. ದೋಣಿಯವನ ಕೂಗು ಕೇಳುತ್ತಿತ್ತು, ದೋಣಿ ಕಾಣುತ್ತಿರಲಿಲ್ಲ. ಗದ್ದೆಯ ಬದುವಿನಲ್ಲಿ ನಡೆದು ಬರುವವರು ಮೊದಲು ತಲೆ, ಆಮೇಲೆ ಹೆಗಲು, ಕೊನೆಗೆ ಕಾಲು, ಹೀಗೆ ಸ್ವಲ್ಪಸ್ವಲ್ಪವಾಗಿ ಮನುಷ್ಯರಾಗುತ್ತಿದ್ದರು. ಆ ವರ್ಷ ಮಂಜು ಎಂದಿಗಿಂತ ಹೆಚ್ಚಿತ್ತು ಎಂದೇ ನನ್ನ ನೆನಪು. ನೆನಪೇ ಅಷ್ಟು ಮಂಜು ತಂದು ಸುರಿದಿದೆಯೋ ಏನೋ, ಗೊತ್ತಿಲ್ಲ.

ನಾನಾಗ ಊರ ನಡುವಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮಂಥ ಗುತ್ತಿನ ಮನೆಯ, ಎಂದರೆ ಊರಿನ ದೊಡ್ಡ ಜಮೀನಿನ ಮನೆತನದ ಹೆಣ್ಣುಮಕ್ಕಳು ಆ ಕೆಲಸಕ್ಕೆ ಹೋಗುತ್ತಿದ್ದ ಕಾಲವಲ್ಲ ಅದು. ಕಂಡವರ ಹುಣ್ಣು ತೊಳೆಯುವ ಕೆಲಸ ಎಂದು ನೆಂಟರೆಲ್ಲ ಮೂಗು ಮುರಿದಿದ್ದರು. ಹೋಗಲಿ ಎಂದವರು ತಮ್ಮಲೆ ಒಬ್ಬರೇ. ತುಳುವಿನಲ್ಲಿ ತಮ್ಮಲೆ ಎಂದರೆ ಅಮ್ಮನ ಅಣ್ಣ, ಸೋದರಮಾವ. ನಮ್ಮಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಹಾಗಾಗಿ ಮನೆಯ ಯಜಮಾನರು ಅವರೇ. "ಹುಣ್ಣು ಯಾರದ್ದಾದರೂ ತೊಳೆಯುವ ಕೈ ನಮ್ಮ ಸುಮತಿಯದ್ದಲ್ಲವಾ? ಹೋಗಲಿ," ಎಂದಿದ್ದರಂತೆ. ಅವರ ಮಾತಿನ ಮೇಲೆ ಇನ್ನೊಂದು ಮಾತು ಆ ಮನೆಯಲ್ಲಿ ಇರಲಿಲ್ಲ. ನನ್ನ ಬಿಳಿ ಸೀರೆ, ನನ್ನ ಸಂಬಳ, ನನ್ನ ತಲೆಯೆತ್ತಿದ ನಡಿಗೆ ಎಲ್ಲವೂ ಆ ಒಂದು ಮಾತಿನಿಂದ ಬಂದದ್ದು.

ಆಸ್ಪತ್ರೆಯ ದೊಡ್ಡ ಡಾಕ್ಟರು ನಂಜುಂಡಯ್ಯನವರು. ಮೈಸೂರಿನ ಕಡೆಯವರು, ಮದ್ರಾಸಿನಲ್ಲಿ ಓದಿದವರು. ಕುಳ್ಳಗೆ, ಚುರುಕಾಗಿ, ಸದಾ ಅರ್ಧ ಕೋಪದಲ್ಲಿ ಓಡಾಡುವ ಮನುಷ್ಯ. ತುಳು ಒಂದಕ್ಷರ ಬಾರದು. ರೋಗಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುವುದು, ಅವರು ಬೈದದ್ದನ್ನು ಮೆತ್ತಗೆ ಮಾಡಿ ತುಳುವಿನಲ್ಲಿ ಹೇಳುವುದು, ಇದೂ ನನ್ನ ಕೆಲಸವಾಗಿತ್ತು.

ಆ ಸಲ ದೀಪಾವಳಿ ಕಳೆದ ಮೇಲೆ ಒಂದೇ ಬಗೆಯ ರೋಗಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು. ಎಲ್ಲರೂ ಹೆಚ್ಚುಕಡಿಮೆ ಐವತ್ತು ದಾಟಿದ ಗಂಡಸರು. ಎಲ್ಲರದ್ದೂ ಒಂದೇ ಮಾತು: "ಇಳಿಯುದಿಲ್ಲ." ಮೊದಲು ಅನ್ನ ಇಳಿಯುವುದಿಲ್ಲ, ಆಮೇಲೆ ಗಂಜಿ, ಕೊನೆಗೆ ನೀರು. ಅನ್ನನಾಳದೊಳಗೆ ಗಡ್ಡೆ ಬೆಳೆದು ದಾರಿ ಕಟ್ಟುತ್ತದೆ. ಅದು ಕ್ಯಾನ್ಸರ್ ಎಂದು ನಮಗೆ ಗೊತ್ತು. ಅವರ ಮನೆಯವರಿಗೆ ಗೊತ್ತಿದ್ದದ್ದು ಬೇರೆ. ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಎನ್ನುವವರು ಕೆಲವರು. ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಎನ್ನುವವರು ಬಹಳ. ಹಾಗೆ ಹೇಳಿ ಹೇಳಿ, ಸೊಸೆಯನ್ನೋ ನಾದಿನಿಯನ್ನೋ ಅನುಮಾನಿಸಿ, ಮಂತ್ರವಾದಿಯ ಮನೆ ಹೊಕ್ಕು, ಮೈಯಲ್ಲಿ ಮೂಳೆ ಮಾತ್ರ ಉಳಿದ ಮೇಲೆ ನಮ್ಮಲ್ಲಿಗೆ ಹೊತ್ತು ತರುತ್ತಿದ್ದರು. ಅಷ್ಟು ಹೊತ್ತಿಗೆ ಮಾಡಲಿಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ.

"ಏನಮ್ಮಾ ಸುಮತಿ, ಈ ಊರಿನ ಗಂಟಲಿಗೆ ಏನಾಗಿದೆ?" ಎಂದು ಡಾಕ್ಟರು ಒಂದು ದಿನ ಕೇಳಿದರು. "ಇಷ್ಟು ಜನ ಯಾಕೆ? ಅದೂ ಗಂಡಸರೇ ಯಾಕೆ? ಸತ್ತೋರ ಹೆಸರು ಬರಕೊಂಡು ಕೂತ್ರೆ ಆಯ್ತಾ? ಕಾರಣ ಹುಡುಕಬೇಡವಾ?"

ಅವರಿಗೆ ನಾಲ್ಕು ವಸ್ತುಗಳ ಮೇಲೆ ಅನುಮಾನ. ಎಲೆಯಡಿಕೆಯ ಜೊತೆ ಜಗಿಯುವ ಹೊಗೆಸೊಪ್ಪು, ಕಳ್ಳು-ಸಾರಾಯಿ, ಉಪ್ಪು ಹಾಕಿ ಒಣಗಿಸಿದ ಮೀನು, ಮತ್ತು ನಮ್ಮ ಬಿಸಿ ಗಂಜಿ. ಮೊದಲ ಮೂರನ್ನು ಕೇಳಿ ತಿಳಿಯಬಹುದು. ನಾಲ್ಕನೆಯದನ್ನು ಕೇಳಿದರೆ ಎಲ್ಲರೂ "ಬಿಸಿ ಉಂಟು" ಎನ್ನುತ್ತಾರೆ. ಎಷ್ಟು ಬಿಸಿ ಎಂದು ಬಾಯಿಯಲ್ಲಿ ಹೇಳುವುದು ಹೇಗೆ? ಅದಕ್ಕೆ ಎಲ್ಲಿಂದಲೋ ಒಂದು ಉದ್ದನೆಯ ಗಾಜಿನ ಥರ್ಮಾಮೀಟರು ತರಿಸಿದರು. ಭಾನುವಾರ ಬಂತೆಂದರೆ ಅದನ್ನು ಹತ್ತಿಯಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡು ನಾನು ಮುಂದೆ, ಕೊಡೆ ಊರುತ್ತ ಅವರು ಹಿಂದೆ.

ಎಷ್ಟು ಮನೆ ತಿರುಗಿದೆವು! ಕೂಳೂರಿನಲ್ಲಿ ಆಗ ಸೇತುವೆ ಇರಲಿಲ್ಲ. ಕಡವಿನ ದೋಣಿ ಹತ್ತಿ ಹೊಳೆ ದಾಟಬೇಕು. ನೀರು ಯಾವುದು, ಆಕಾಶ ಯಾವುದು ಎಂದು ತಿಳಿಯದ ಬಿಳುಪಿನಲ್ಲಿ ದೋಣಿ ಸುಮ್ಮನೆ ತೂಗುತ್ತಿತ್ತು. ಡಾಕ್ಟರಿಗೆ ಈಜು ಬಾರದು. ಕಣ್ಣು ಮುಚ್ಚಿ ಏನೋ ಮಣಮಣ ಹೇಳಿಕೊಳ್ಳುತ್ತಿದ್ದರು. ಆಚೆ ದಡ ಸೇರಿ, ಹೊಯಿಗೆಯಲ್ಲಿ ಕಾಲು ಹೂತುಕೊಳ್ಳುತ್ತ ನಡೆದರೆ ಪಣಂಬೂರಿನ ಮೀನುಗಾರರ ಗುಡಿಸಲುಗಳು. ಇಂದು ಅಲ್ಲಿ ಹಡಗುಗಳೂ ಕ್ರೇನುಗಳೂ ನಿಂತಿವೆ. ಅಂದು ಬಲೆ ಒಣಗುತ್ತಿತ್ತು, ಮಕ್ಕಳು ಏಡಿಯ ಹಿಂದೆ ಓಡುತ್ತಿದ್ದವು, ಅಷ್ಟೇ.

ಹೋದಲ್ಲೆಲ್ಲ ನಮ್ಮನ್ನು ಕೂರಿಸಿ, ನೀರು-ಬೆಲ್ಲ ಕೊಟ್ಟು, ಗಂಜಿ ತಂದಿಡುತ್ತಿದ್ದರು. ಡಾಕ್ಟರು ಗಂಭೀರವಾಗಿ ಗಾಜಿನ ಕಡ್ಡಿಯನ್ನು ಬಟ್ಟಲಿಗೆ ಅದ್ದುತ್ತಿದ್ದರು. ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು.

"ನಮ್ಮ ಗಂಜಿಗೆ ಜ್ವರ ಉಂಟಾ ಅಕ್ಕ?" ಎಂದು ಒಬ್ಬಳು ತುಳುವಿನಲ್ಲಿ ಕೇಳಿಯೇಬಿಟ್ಟಳು.

"ಏನಂತಾರೆ?" ಎಂದು ಡಾಕ್ಟರು.

"ಬಹಳ ಒಳ್ಳೆಯ ಕೆಲಸ ಅಂತಾರೆ ಸಾರ್," ಎಂದೆ.

ಜ್ವರ ಇರಲಿಲ್ಲ. ಯಾವ ಮನೆಯ ಗಂಜಿಗೂ ಇರಲಿಲ್ಲ. ಅದ್ದಿದಲ್ಲೆಲ್ಲ ಉಗುರುಬೆಚ್ಚಗೆ. ವಾರ ಕಳೆದಂತೆ ಡಾಕ್ಟರ ಮುಖ ಸಪ್ಪೆಯಾಗುತ್ತ ಬಂತು. "ನನ್ನ ಅನುಮಾನವೇ ತಪ್ಪು ಕಣಮ್ಮ. ಇದನ್ನ ಕುಡಿದು ಯಾರ ಗಂಟಲೂ ಸುಡಲ್ಲ," ಎಂದು ಹಿಂತಿರುಗುವ ದೋಣಿಯಲ್ಲಿ ಹೇಳಿದರು. ನಾನೂ ಹೌದೆಂದೆ. ಈಗ ಯೋಚಿಸಿದರೆ ನಗು ಬರುತ್ತದೆ. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ನನಗೂ ಹೊಳೆಯಲಿಲ್ಲವಲ್ಲ! ನಮ್ಮ ಜನ ಅತಿಥಿಗೆ ನಾಲಗೆ ಸುಡುವ ಗಂಜಿ ಕೊಡುವುದುಂಟೇ? ಡಾಕ್ಟರು ಬರುತ್ತಾರೆಂದು ತಿಳಿದ ಕೂಡಲೇ ಅಗಲ ಬಟ್ಟಲಿಗೆ ಸುರಿದು, ಬೀಸಿ, ಹದಮಾಡಿ ಇಡುತ್ತಿದ್ದರು. ನಾವು ಅಳೆಯುತ್ತಿದ್ದದ್ದು ಗಂಜಿಯ ಬಿಸಿಯನ್ನಲ್ಲ, ಅವರ ಮರ್ಯಾದೆಯನ್ನು.

ಅದು ಗೊತ್ತಾದದ್ದು ನಮ್ಮ ಮನೆಯಲ್ಲೇ. ಮಾಗಿಯ ನಡುವೆ ಎರಡು ದಿನ ರಜೆ ಸಿಕ್ಕಿತು. ಸಂಜೆ ಜೆಪ್ಪುವಿಗೆ ನಡೆದುಕೊಂಡೇ ಹೋದೆ. ಅಮ್ಮ, ಚಿಕ್ಕಮ್ಮಂದಿರು, ಅಣ್ಣ, ಮಕ್ಕಳು ಎಂದು ಮನೆ ತುಂಬ ಜನ. ಅವರೆಲ್ಲರ ಹೊಟ್ಟೆಗೂ ಒಂದು ನೇಮವಿತ್ತು: ಯಜಮಾನರು ಉಣ್ಣದೆ ಯಾರೂ ಉಣ್ಣುವಂತಿಲ್ಲ. ತಮ್ಮಲೆ ಚಾವಡಿಯಲ್ಲಿ ಒಬ್ಬರೇ ಮಣೆಯ ಮೇಲೆ ಕೂರುವರು. ಒಲೆಯ ಮೇಲೆ ಕುದಿಯುತ್ತಿರುವ ಮಡಕೆಯಿಂದ ಮೊದಲ ಸೌಟು ಅವರ ಕಂಚಿನ ಬಟ್ಟಲಿಗೆ. ಅದು ಕುದಿಯುತ್ತಿರಬೇಕು; ಆವಿಯಿಲ್ಲದ ಗಂಜಿಯನ್ನು ಯಜಮಾನರ ಮುಂದೆ ಇಡುವುದೆಂದರೆ ಅಮ್ಮನಿಗೆ ಅವಮಾನ. ಅವರು ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿದ ಚಮಚದಲ್ಲಿ ಉಂಡು, ಹೊರಗೆ ಕೈತೊಳೆದು, ಒಮ್ಮೆ ಕೆಮ್ಮುವರು. ಆ ಕೆಮ್ಮು ಕೇಳಿದ ಮೇಲೆ ಒಳಗೆ ನಮ್ಮೆಲ್ಲರ ಬಟ್ಟಲುಗಳ ಸದ್ದು. ಗಂಡಸರಾದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಹೆಂಗಸರು. ಅಮ್ಮನ ಪಾಲಿಗೆ ಬರುವಾಗ ಗಂಜಿ ತಣ್ಣಗೆ ಕೆನೆಗಟ್ಟಿರುತ್ತಿತ್ತು.

ಮಾರನೆಯ ಬೆಳಿಗ್ಗೆ ಥರ್ಮಾಮೀಟರು ನನ್ನ ಚೀಲದಲ್ಲೇ ಇತ್ತು. ತಮಾಷೆಗೆಂದು ಹಿಡಿದುಕೊಂಡು ಚಾವಡಿಗೆ ಹೋದೆ. ಹೊರಗೆ ಮಂಜು, ಬಟ್ಟಲ ಮೇಲೆ ಆವಿ, ನಡುವೆ ತಮ್ಮಲೆ ಯಾರೋ ಹಳೆಯ ಕಾಲದವರಂತೆ ಕೂತಿದ್ದರು.

"ಎಂತ ಮಗಾ ಅದು?"

"ನಿಮ್ಮ ಗಂಜಿಗೆ ಜ್ವರ ಉಂಟಾ ನೋಡ್ತೇನೆ."

"ನೋಡು, ನೋಡು. ಮದ್ದು ಮಾತ್ರ ಕೊಡ್ಬೇಡ ಮಾರಾಯ್ತಿ," ಎಂದು ನಕ್ಕರು.

ಅದ್ದಿದೆ. ಪಾದರಸ ಓಡಿದ ಓಟ ನೋಡಿ ಕಡ್ಡಿ ಎಲ್ಲಿ ಒಡೆಯುತ್ತದೋ ಎಂದು ಹೆದರಿ ತೆಗೆದುಬಿಟ್ಟೆ. ಇಷ್ಟು ದಿನ ನಾವು ಹುಡುಕುತ್ತಿದ್ದದ್ದು ಇಲ್ಲಿತ್ತು. ಪ್ರತಿ ಮನೆಯಲ್ಲೂ ಇತ್ತು, ನಾವು ಹೋಗುವ ಮೊದಲೇ, ಮೊದಲು ಉಣ್ಣುವವರ ಬಟ್ಟಲಿನಲ್ಲಿ. ಗಂಡಸರೇ ಯಾಕೆ ಎಂದು ಡಾಕ್ಟರು ಕೇಳಿದ್ದರಲ್ಲ! ನನಗೆ ಕುಣಿಯುವಷ್ಟು ಸಂತೋಷವಾಯಿತು. ಈಗಲೇ ಓಡಿಹೋಗಿ ಹೇಳಬೇಕೆನಿಸಿತು. ಅಲ್ಲೇ ಕಂಬಕ್ಕೆ ಒರಗಿ, ತಮ್ಮಲೆ ಉಣ್ಣುವುದನ್ನು ನೋಡುತ್ತ ನಿಂತೆ.

ಆಗ ಕಂಡದ್ದು ಬೇರೆ. ಚಮಚ ಮೇಲೆ ಬರುತ್ತಿತ್ತು, ಆವಿಯೊಳಗೆ ಹೋಗುತ್ತಿತ್ತು, ಮತ್ತೆ ಕೆಳಗೆ ಬರುತ್ತಿತ್ತು. ಗಂಜಿ ಮಾತ್ರ ಬಟ್ಟಲಲ್ಲಿ ಇದ್ದಷ್ಟೇ ಇತ್ತು. ನಾನು ಅಷ್ಟು ಹೊತ್ತು ನಿಲ್ಲುತ್ತೇನೆಂದು ಅವರು ಎಣಿಸಿರಲಿಲ್ಲ. "ಒಳಗೆ ಹೋಗು, ಅಮ್ಮ ಕರೀತಾಳೆ," ಎಂದರು. ಅಮ್ಮ ಕರೆದಿರಲಿಲ್ಲ. ಬಾಗಿಲ ಮರೆಗೆ ಹೋಗಿ ನಿಂತೆ. ತಮ್ಮಲೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಜಗಲಿಯ ಅಂಚಿಗೆ ಹೋಗಿ, ಕೆಳಗಿದ್ದ ಕಲ್ಲಿನ ತೊಟ್ಟಿಗೆ ಸುರಿದರು. ನಮ್ಮ ನಾಯಿ ಬೊಗ್ಗು ಅಲ್ಲಿ ಬಾಲ ಆಡಿಸುತ್ತ ಕೂತಿತ್ತು. ಅದು ಕೂಡಲೇ ಬಾಯಿ ಹಾಕಲಿಲ್ಲ, ಆರಲಿ ಎಂದು ಕಾಯುತ್ತಿತ್ತು. ತಮ್ಮಲೆ ಕೈತೊಳೆದು ಕೆಮ್ಮಿದರು. ಒಳಗೆ ಬಟ್ಟಲುಗಳು ಸದ್ದಾದವು.

ಆ ವರ್ಷ ಬೊಗ್ಗು ಯಾಕೆ ಅಷ್ಟು ದಪ್ಪಗಾಗಿದೆ ಎಂದು ಮನೆಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ತಮ್ಮಲೆ ಯಾಕೆ ಸೊರಗಿದ್ದಾರೆ ಎಂದು ಯಾರೂ ಕೇಳಿರಲಿಲ್ಲ. ಚಳಿಗೆಂದು ಅವರು ಸದಾ ಶಾಲು ಹೊದ್ದಿರುತ್ತಿದ್ದರು.

ನಾನು ಹೋಗಿ ಅವರ ಶಾಲು ಸರಿಸಿದೆ. ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಅದು. ಕೊರಳ ಮೂಳೆ ಎದ್ದು ನಿಂತಿತ್ತು.

"ಎಷ್ಟು ಸಮಯ ಆಯ್ತು ತಮ್ಮಲೆ?"

ಅವರು ಗದ್ದೆಯ ಕಡೆ ನೋಡಿದರು. "ಕೊಯ್ಲಿನ ಮೊದಲಿಂದ ಉಂಟು. ಗಟ್ಟಿ ಇಳಿಯುದಿಲ್ಲ. ಬರೀ ತಿಳಿ ಇಳೀತದೆ, ಅದೂ ಆರಿದ ಮೇಲೆ, ಯಾರೂ ಇಲ್ಲದಾಗ."

"ಯಾಕೆ ಹೇಳ್ಲಿಲ್ಲ? ನಾನು ಅಲ್ಲಿ ಇದೇ ಕಾಯಿಲೆ ದಿನಾ ನೋಡ್ತಾ ಇದ್ದೇನೆ!"

"ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ?" ಅವರ ದನಿ ಮೆತ್ತಗಿತ್ತು, ಕೋಪವಿರಲಿಲ್ಲ. "ನಾನು ಉಣ್ಣುದಿಲ್ಲ ಅಂತ ಗೊತ್ತಾದ್ರೆ ನಿನ್ನ ಅಮ್ಮ ಉಣ್ಣುದಿಲ್ಲ. ಅವಳು ಉಣ್ಣದಿದ್ರೆ ಉಳಿದ ಹೆಂಗಸರು ಉಣ್ಣುದಿಲ್ಲ. ಇಷ್ಟು ಜನ ನನಗೋಸ್ಕರ ಹಸಿದು ಕೂತುಕೊಳ್ಬೇಕಾ ಮಗಾ?"

ನಾನು ನರ್ಸ್. ಅಳಬಾರದೆಂದು ಕಲಿತವಳು. ಅಂದು ಕಲಿತದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ.

ಆ ದಿನವೇ ಎತ್ತಿನ ಗಾಡಿ ಕಟ್ಟಿಸಿ ಕರೆದುಕೊಂಡು ಹೋದೆ. ಡಾಕ್ಟರಿಗೆ ಒಮ್ಮೆ ತೋರಿಸಬೇಕೆಂದು ಸುಮತಿ ಹೇಳುತ್ತಾಳೆ ಎಂದಷ್ಟೇ ತಮ್ಮಲೆ ಮನೆಯಲ್ಲಿ ಹೇಳಿದರು. ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಕಪ್ಪು ಪರದೆ. ಕತ್ತಲಿಗೆ ಕಣ್ಣು ಒಗ್ಗುವ ತನಕ ನಾವು ಮೂವರೂ ಕಾದು ಕೂತಿದ್ದೆವು. ಆಮೇಲೆ ಹಲಗೆಯ ಮೇಲೆ ಹಸಿರು ಬೆಳಕು ಮೂಡಿತು. ಅದರೊಳಗೆ ತಮ್ಮಲೆಯವರ ಪಕ್ಕೆಲುಬುಗಳು, ಅವುಗಳ ಹಿಂದೆ ಅವರ ಹೃದಯ ಬಡಿಯುವುದು ಕಂಡಿತು. ಇಷ್ಟು ವರ್ಷ ನಮ್ಮ ಮನೆಯನ್ನು ನಡೆಸಿದ ಹೃದಯ ಇದೇ ಎಂದುಕೊಂಡೆ. ಸುಣ್ಣದ ನೀರಿನಂಥ ಮದ್ದನ್ನು ಕುಡಿಸಿದೆವು. ಅದು ಕಪ್ಪು ನೆರಳಾಗಿ ಗಂಟಲಿನಿಂದ ಇಳಿಯುತ್ತ ಬಂದು, ಎದೆಯ ನಡುವೆ ನಿಂತಿತು. ನಿಂತೇ ಇತ್ತು. ಕೊನೆಗೆ ದಾರದಂಥ ಒಂದು ಎಳೆ ಮಾತ್ರ ಕೆಳಗೆ ಜಾರಿತು. ಡಾಕ್ಟರು ನನ್ನ ಕೈಯನ್ನು ಒಮ್ಮೆ ಮುಟ್ಟಿದರು.

ಹೊರಗೆ ಬಂದ ಮೇಲೆ ಹೇಳಿದರು. ಆ ಜಾಗದಲ್ಲಿ ಎದೆ ಕೊಯ್ದು ಗಡ್ಡೆ ತೆಗೆಯುವ ಕೈ ಇಲ್ಲಿ ಯಾರಿಗೂ ಇಲ್ಲ. ಮದ್ರಾಸಿನಲ್ಲಿ ರೇಡಿಯಂ ಇದೆ, ಆದರೆ ಈ ಮೈ ಅಷ್ಟು ದೂರದ ಪ್ರಯಾಣ ತಾಳುವುದಿಲ್ಲ. ತಾಳಿದರೂ ಗುಣವಾಗುತ್ತದೆಂದು ಹೇಳಲಾರೆ. ಒಂದು ಕೆಲಸ ಮಾತ್ರ ಮಾಡಬಹುದು. ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ, ಜಠರಕ್ಕೆ ರಬ್ಬರ್ ನಳಿಗೆ ಇಟ್ಟು, ಆ ಮೂಲಕ ಆಹಾರ ಸುರಿಯುವುದು. ರೋಗ ಹೋಗುವುದಿಲ್ಲ, ಹಸಿವಿನಿಂದ ಸಾಯುವುದು ತಪ್ಪುತ್ತದೆ.

ತಮ್ಮಲೆ ಎಲ್ಲ ಕೇಳಿಸಿಕೊಂಡರು. "ಬೇಡ," ಎಂದರು.

"ಯಾಕ್ರೀ ಬೇಡ?" ಡಾಕ್ಟರಿಗೆ ಸಿಟ್ಟು. "ಮುಂಬಾಗಿಲು ಕಟ್ಟಿಹೋಗಿದೆ, ಹಿತ್ತಲ ಬಾಗಿಲಿಂದ ಒಳಗೆ ಬರೋಣ ಅಂತೀನಿ. ಊಟ ಅಂದ್ರೆ ಹೊಟ್ಟೆಗೆ ಹೋಗೋದು ತಾನೇ?"

"ಯಜಮಾನ ಹಿತ್ತಲ ಬಾಗಿಲಿಂದ ಬರುದುಂಟಾ ಡಾಕ್ಟ್ರೇ?" ಎಂದು ತಮ್ಮಲೆ ನಕ್ಕರು. ಕನ್ನಡದಲ್ಲೇ ಹೇಳಿದರು, ನಾನು ನಡುವೆ ಬರಬಾರದೆಂದು. "ಬಾಯಿಯಲ್ಲಿ ಉಣ್ಣದವನು ಉಂಡ ಹಾಗೆ ಅಲ್ಲ. ನನ್ನ ಮನೆಯವರು ಅದನ್ನು ಊಟ ಅಂತ ಲೆಕ್ಕಕ್ಕೆ ಹಿಡಿಯುದಿಲ್ಲ. ಆಮೇಲೆ ಅವರ ಊಟದ ಗತಿ ಎಂತ?"

ಡಾಕ್ಟರು ನನ್ನ ಮುಖ ನೋಡಿದರು. ಇದನ್ನು ಯಾವ ಕನ್ನಡಕ್ಕೆ ತಿರುಗಿಸಿ ಹೇಳಲಿ? ಮದ್ರಾಸಿನಲ್ಲಿ ಓದಿದ ಯಾವ ಪಾಠದಲ್ಲೂ ಈ ತೊಡಕು ಬಂದಿರಲಿಕ್ಕಿಲ್ಲ.

ಮೂರು ದಿನ ಹೀಗೆಯೇ ಹೋಯಿತು. ತಮ್ಮಲೆ ಹಾಸಿಗೆಯ ಮೇಲೆ ಕಿಟಕಿ ನೋಡುತ್ತ ಮಲಗಿರುತ್ತಿದ್ದರು. ನೀರು ಕೂಡ ಹನಿಹನಿಯಾಗಿ. ಆದರೆ ಮಾತಿಗೆ ಬರವಿರಲಿಲ್ಲ. ಡಾಕ್ಟರು ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂತು ಪ್ರಶ್ನೆ ಕೇಳುತ್ತಿದ್ದರು, ಅವರು ಒಂದನ್ನೂ ಮುಚ್ಚಿಡದೆ ಉತ್ತರ ಕೊಡುತ್ತಿದ್ದರು. ಹೊಗೆಸೊಪ್ಪು ಉಂಟು, ಎಳೆಯ ವಯಸ್ಸಿನಿಂದ. ಕಳ್ಳು ಹಬ್ಬಕ್ಕೆ ಮಾತ್ರ. ಒಣಮೀನು ಮಳೆಗಾಲವಿಡೀ. ಗಂಜಿ? "ಬೆಂಕಿಯ ಹಾಗೆ. ತಣ್ಣಗಿನದ್ದು ಉಣ್ಣುವವರು ಹೆಂಗಸರು ಅಂತ ನನ್ನ ತಮ್ಮಲೆ ಹೇಳ್ತಿದ್ರು. ಅವರೂ ಹೀಗೇ ಹೋದದ್ದು."

ಡಾಕ್ಟರು ತಲೆ ಎತ್ತಿದರು. "ಅವರಿಗೂ ಇಳೀತಿರಲಿಲ್ವಾ?"

"ಇಲ್ಲ. ಯಾರೋ ಮದ್ದು ಹಾಕಿದ್ದಾರೆ ಅಂತ ಆಗ ಒಬ್ಬಳು ಪಾಪದ ಹೆಂಗಸನ್ನು ಮನೆಯಿಂದ ಕಳಿಸಿದ್ರು. ನಾನು ಸಣ್ಣವ. ಅವಳು ಅಳ್ತಾ ಹೋದದ್ದು ಈಗಲೂ ಕಣ್ಣಿಗೆ ಕಾಣ್ತದೆ." ಡಾಕ್ಟರ ಕಡೆ ತಿರುಗಿ, "ನೀವು ಸರಿಯಾಗಿ ಹುಡುಕಿ ಡಾಕ್ಟ್ರೇ. ಇನ್ನು ಯಾರನ್ನೂ ಹಾಗೆ ಕಳಿಸುದು ಬೇಡ," ಎಂದರು.

ಹುಡುಕಾಟ ಎಂದರೆ ಏನೆಂದು ನನಗೆ ಆ ಮಾತಿನಿಂದ ಅರ್ಥವಾಯಿತು. ಬಿಸಿಯೇ ಕಾರಣವೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. "ಒಂದೇ ಅಂತ ಹೇಳೋ ಧೈರ್ಯ ನನಗಿಲ್ಲ. ಹೊಗೆಸೊಪ್ಪು, ಉಪ್ಪು, ಬಿಸಿ, ಎಲ್ಲ ಒಂದೇ ಬಾಯಲ್ಲಿ ಸೇರ್ಕೊಂಡಿವೆ. ಬೇರೆಬೇರೆ ಮಾಡೋಕೆ ಇನ್ನೂ ಎಷ್ಟು ಜನ, ಎಷ್ಟು ವರ್ಷ ಬೇಕೋ. ಆದ್ರೆ ಅನುಮಾನ ಇದ್ದಾಗ ಆರಿಸಿ ಕುಡಿ ಅನ್ನೋದಕ್ಕೆ ಏನು ಕಷ್ಟ?" ಎಂದಿದ್ದರು.

ನಾಲ್ಕನೆಯ ದಿನ ಅಮ್ಮ ಬಂದಳು. ನನ್ನ ಅಣ್ಣನ ಕೈ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ತಮ್ಮಲೆ ಹೆದರಿದ್ದು ಆಗಿಯೇ ಹೋಗಿತ್ತು. ಕಾಯಿಲೆಯ ಸುದ್ದಿ, ಅವರು ಉಣ್ಣದೆಯೇ ಕೆಮ್ಮುತ್ತಿದ್ದ ಗುಟ್ಟು ಮನೆಗೆ ಮುಟ್ಟಿದಂದಿನಿಂದ ಅವಳು ಒಂದು ಅಗುಳು ಮುಟ್ಟಿರಲಿಲ್ಲ.

ಅಮ್ಮ ತನ್ನ ಅಣ್ಣನೆದುರು ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಹಾಸಿಗೆಯ ಅಂಚಿನಲ್ಲಿ ನಿಂತು, ಅವರ ಮುಖವನ್ನೇ ನೋಡಿ ಮಾತಾಡಿದಳು.

"ಅಣ್ಣ, ಕೊಯ್ಲಿನಿಂದ ನೀವು ಇಲ್ಲಿಗೆ ಬರುವ ತನಕ ನಾನು ದಿನಾ ಉಂಡಿದ್ದೇನೆ. ನೀವು ಕೆಮ್ಮಿದ್ರಿ, ನಾನು ಉಂಡೆ. ನೀವು ಹಸಿದು ಕೂತಿದ್ರಿ, ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಅದು ಈಗ ನನ್ನ ಹೊಟ್ಟೆಯಲ್ಲಿ ಕಲ್ಲಾಗಿದೆ. ನನಗೆ ಯಾಕೆ ಹೀಗೆ ಮಾಡಿದ್ರಿ?"

ತಮ್ಮಲೆ ಬಾಯಿ ತೆರೆದರು. ಅಮ್ಮ ಬಿಡಲಿಲ್ಲ.

"ಹೊಟ್ಟೆಯಿಂದಲೋ, ಬೆನ್ನಿನಿಂದಲೋ, ಎಲ್ಲಿಂದ ಬೇಕಾದ್ರೂ ಹಾಕಿಸಿಕೊಳ್ಳಿ. ನಿಜವಾಗಿ ಉಣ್ಣಿ. ಅದು ಊಟ ಹೌದಾ ಅಲ್ಲವಾ ಅಂತ ಹೇಳುವವಳು ನಾನು. ನಿಮಗೆ ಬಡಿಸುವವಳು ನಾನಲ್ಲವಾ?"

ತಮ್ಮಲೆ ತಂಗಿಯನ್ನು ಹೊಸಬಳನ್ನು ನೋಡುವಂತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಡಾಕ್ಟ್ರನ್ನು ಕರಿ," ಎಂದರು.

ಶಸ್ತ್ರಚಿಕಿತ್ಸೆ ಮರುದಿನವೇ ಆಯಿತು. ಅವರ ತಲೆಯ ಬಳಿ ನಿಂತವಳು ನಾನೇ. ಮನೆಗೆ ಕಳಿಸುವಾಗ ನಳಿಗೆ ತೊಳೆಯುವುದು, ಆಲಿಕೆ ಹಿಡಿಯುವುದು, ಗಂಜಿಯನ್ನು ಸೋಸಿ ಹಾಲು ಬೆರೆಸುವುದು ಎಲ್ಲವನ್ನೂ ಅಮ್ಮನಿಗೆ ಕಲಿಸಿದೆ. ಒಂದು ಮಾತನ್ನು ಮತ್ತೆ ಮತ್ತೆ ಹೇಳಿದೆ: ಆರಿರಬೇಕು, ಕೈಗೆ ಸುರಿದುಕೊಂಡು ನೋಡಬೇಕು.

ಅವರು ಮುಂದಿನ ಮಳೆಗಾಲದ ತನಕ ಇದ್ದರು. ಹಾಸಿಗೆಯಲ್ಲಿ ಅಲ್ಲ, ಚಾವಡಿಯಲ್ಲಿ. ಸುಗ್ಗಿಯ ಗದ್ದೆಯ ಬದುವಿನ ಮೇಲೆ ಕೋಲೂರಿ ನಡೆದರು, ಒಕ್ಕಲಿನವರ ಜಗಳ ತೀರಿಸಿದರು, ನನ್ನನ್ನು ಗೇಲಿ ಮಾಡಿದರು. ಮೊದಲ ದೊಡ್ಡ ಮಳೆ ಬಿದ್ದ ವಾರ ಹೋದರು, ಹಸಿವಿನಿಂದ ಅಲ್ಲ. ನಂಜುಂಡಯ್ಯನವರಿಗೆ ಅದೇ ವರ್ಷ ಬೇರೆ ಊರಿಗೆ ವರ್ಗವಾಯಿತು. ಥರ್ಮಾಮೀಟರನ್ನು ಅವರು ಕೊಂಡುಹೋದರು. ಹೋದಲ್ಲಿ ಯಾರ ಗಂಜಿಗೆ ಅದ್ದಿದರೋ, ಅವರ ಅನುಮಾನ ಎಲ್ಲಿಯ ತನಕ ಮುಟ್ಟಿತೋ, ನನಗೆ ತಿಳಿಯದು. ಯುದ್ಧ ಬಂತು, ಅಕ್ಕಿಯೇ ಇಲ್ಲದ ದಿನಗಳು ಬಂದವು, ಬಿಸಿ-ತಣ್ಣಗಿನ ಮಾತು ಯಾರಿಗೂ ಬೇಡವಾಯಿತು.

ಆದರೆ ನನ್ನ ನೆನಪು ಅಷ್ಟು ದೂರ ಹೋಗುವುದಿಲ್ಲ. ಅದು ತಮ್ಮಲೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಬೆಳಿಗ್ಗೆಯಲ್ಲೇ ನಿಂತುಬಿಡುತ್ತದೆ. ಅವರು ಇನ್ನು ಚಾವಡಿಯಲ್ಲಿ ಒಬ್ಬರೇ ಕೂರುವುದಿಲ್ಲವೆಂದರು. ಒಳಗೆ, ಎಲ್ಲರೂ ಕೂರುವಲ್ಲಿ, ಗೋಡೆಗೆ ಒರಗಿಸಿ ಕೂರಿಸಿದೆವು. ಮಂಜು ಕಿಟಕಿಯಿಂದ ಒಳಗೇ ಬಂದಂತಿತ್ತು. ಅವರ ಪಾಲಿನ ಗಂಜಿಯನ್ನು ಸೋಸಿ ಅಗಲ ಬಟ್ಟಲಿನಲ್ಲಿ ಆರಲು ಇಟ್ಟಿದ್ದೆ. ಅದು ಆರಬೇಕು, ಅವರು ಉಣ್ಣಬೇಕು, ಆಮೇಲೆ ಉಳಿದವರು. ಅಣ್ಣ, ಚಿಕ್ಕಮ್ಮಂದಿರು, ಮಕ್ಕಳು ಎಲ್ಲರೂ ತುಂಬಿದ ಬಟ್ಟಲುಗಳ ಮುಂದೆ ಕೈಕಟ್ಟಿ ಕೂತಿದ್ದರು. ಒಂದು ಮಗು ಅಳತೊಡಗಿತು.

"ಉಣ್ಣಿ ಮಾರಾಯ್ರೆ," ಎಂದರು ತಮ್ಮಲೆ. "ನನ್ನದು ಆರುವಾಗ ತಡ ಉಂಟು."

ಯಾರೂ ಅಲುಗಲಿಲ್ಲ. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಅಮ್ಮನ ಮೇಲೆ ಕಣ್ಣು ನಿಲ್ಲಿಸಿದರು.

"ನೀನು ಶುರು ಮಾಡು."

ಹುಟ್ಟಿದಂದಿನಿಂದ ಅಮ್ಮ ಆ ಕೆಲಸ ಮಾಡಿದವಳಲ್ಲ. ಚಮಚದಲ್ಲಿ ಗಂಜಿ ತೆಗೆದು, ಊದಿ, ಕಣ್ಣಿನ ನೀರು ಅದರೊಳಗೆ ಬೀಳುತ್ತಿದ್ದರೂ ಬಾಯಿಗೆ ಇಟ್ಟುಕೊಂಡಳು. ತಮ್ಮಲೆ ಮುಂದಕ್ಕೆ ಬಾಗಿ ಅವಳ ಗಂಟಲನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಆಸೆಯಿತ್ತು, ಹಸಿವಿತ್ತು, ಅಷ್ಟೇ ಪ್ರೀತಿಯೂ ಇತ್ತು.

"ಇಳಿಯಿತಾ?" ಎಂದು ಕೇಳಿದರು.

"ಇಳಿಯಿತು ಅಣ್ಣ," ಎಂದಳು ಅಮ್ಮ.